ಅಮೆರಿಕದಲ್ಲಿ ಪೊಲೀಸರು ಕೇಳಿದರೆ ಕಾರಿನ ಡಿಕ್ಕಿ ತೆರೆಯಲೇಬೇಕೇ?

ಅಮೆರಿಕಕ್ಕೆ ಬಂದು ಹೊಸದಾಗಿ ಕಾರು ಕೊಂಡವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯಿದು: ರಸ್ತೆಯಲ್ಲಿ ತಡೆದ ಪೊಲೀಸರು ಡಿಕ್ಕಿ ತೆರೆಯಿರಿ ಎಂದರೆ, ವಾರಂಟ್ ಎಲ್ಲಿ ಎಂದು ಕೇಳಬಹುದೇ? ಕೇಳಬಹುದು, ಆದರೆ ಮನೆಯ ಬಾಗಿಲಲ್ಲಿ ಆ ಮಾತಿಗಿರುವ ತೂಕ ರಸ್ತೆಯಲ್ಲಿಲ್ಲ.

1791ರಲ್ಲಿ ಅಂಗೀಕೃತವಾದ ಸಂವಿಧಾನದ ನಾಲ್ಕನೇ ತಿದ್ದುಪಡಿಯು ಜನರ ದೇಹ, ಮನೆ, ಕಾಗದಪತ್ರ ಮತ್ತು ಸೊತ್ತುಗಳನ್ನು ಅಸಮಂಜಸವಾದ ಶೋಧ ಹಾಗೂ ಜಪ್ತಿಯಿಂದ ರಕ್ಷಿಸುತ್ತದೆ. ಕಾರೂ ಸೊತ್ತೇ. ಆದರೆ ಪಾನನಿಷೇಧದ ಕಾಲದಲ್ಲಿ ಸೀಟಿನೊಳಗೆ ಮದ್ಯದ ಬಾಟಲಿಗಳನ್ನು ಅಡಗಿಸಿ ಸಾಗಿಸಿದ ಕ್ಯಾರೊಲ್ ಪ್ರಕರಣದಲ್ಲಿ, ವಾರಂಟ್ ತರುವಷ್ಟರಲ್ಲಿ ವಾಹನವು ಕೈಗೆ ಸಿಗದಷ್ಟು ದೂರ ಹೋಗಬಹುದೆಂಬ ಕಾರಣಕ್ಕೆ, ಒಳಗೆ ಅಪರಾಧದ ವಸ್ತುವಿದೆಯೆಂದು ನಂಬಲು ಸಕಾರಣವಿದ್ದರೆ ವಾರಂಟ್ ಇಲ್ಲದೆಯೂ ಶೋಧಿಸಬಹುದೆಂದು ಸುಪ್ರೀಂ ಕೋರ್ಟ್ 1925ರಲ್ಲಿ ತೀರ್ಪಿತ್ತಿತು. ಒಳಗೇ ವಾಸಿಸಬಹುದಾದ ಮೋಟರ್ ಹೋಮ್‌ಗೂ 1985ರಲ್ಲಿ ಇದೇ ನಿಯಮವನ್ನು ಅನ್ವಯಿಸಲಾಯಿತು. ಅಂದರೆ, ಒಳಗೆ ಹಾಸಿಗೆ ಹಾಸಿಕೊಂಡ ಮಾತ್ರಕ್ಕೆ ಗಾಡಿ ಮನೆಯಾಗುವುದಿಲ್ಲ.

ಸಕಾರಣವೆಂದರೆ ಪೊಲೀಸರ ಬರಿಯ ಗುಮಾನಿಯಲ್ಲ. ಶೋಧವಿರಲಿ, ಸುಮ್ಮನೆ ಕಾಯಿಸುವುದಕ್ಕೂ ಆಧಾರ ಬೇಕು: ಸಂಚಾರ ನಿಯಮ ಮುರಿದದ್ದಕ್ಕೆ ತಡೆದವರು, ಆ ಕೆಲಸ ಮುಗಿದ ಮೇಲೂ ಮಾದಕ ವಸ್ತುಗಳನ್ನು ಮೂಸಿ ಪತ್ತೆಹಚ್ಚುವ ಶ್ವಾನವನ್ನು ಕಾರಿನ ಸುತ್ತ ನಡೆಸಲೆಂದು ಚಾಲಕನನ್ನು ಏಳೆಂಟು ನಿಮಿಷ ನಿಲ್ಲಿಸಿಕೊಂಡ ರೊಡ್ರಿಗಸ್ ಪ್ರಕರಣದಲ್ಲಿ, ಸಮಂಜಸವಾದ ಅನುಮಾನವಿಲ್ಲದೆ ಹಾಗೆ ಕಾಯಿಸುವಂತಿಲ್ಲವೆಂದು ನ್ಯಾಯಾಲಯ 2015ರಲ್ಲಿ ಹೇಳಿತು.

ನನಗೆ ಹೆಚ್ಚು ಕುತೂಹಲಕರವೆನಿಸಿದ್ದು 2018ರ ಕಾಲಿನ್ಸ್ ಪ್ರಕರಣ. ವರ್ಜೀನಿಯಾದ ಮನೆಯೊಂದರ ಡ್ರೈವ್‌ವೇಯ, ಅಂದರೆ ಬೀದಿಯಿಂದ ಮನೆಯವರೆಗಿನ ಖಾಸಗಿ ವಾಹನದ ಹಾದಿಯ, ಮೇಲ್ತುದಿಯಲ್ಲಿ ಟಾರ್ಪಾಲಿನ್ ಹೊದಿಸಿದ ಮೋಟರ್‌ಸೈಕಲ್ ನಿಂತಿತ್ತು. ಪೊಲೀಸ್ ಅಧಿಕಾರಿ ವಾರಂಟ್ ಇಲ್ಲದೆ ಅಲ್ಲಿಯವರೆಗೆ ನಡೆದುಹೋಗಿ, ಹೊದಿಕೆ ಎತ್ತಿ, ಸಂಖ್ಯೆಗಳನ್ನು ಪರಿಶೀಲಿಸಿದಾಗ ಅದು ಕದ್ದ ವಾಹನವೆಂದು ತಿಳಿಯಿತು. ಅನುಮಾನ ನಿಜವಾಗಿದ್ದರೂ ಎಂಟು ನ್ಯಾಯಮೂರ್ತಿಗಳು ಆ ಶೋಧವನ್ನು ಒಪ್ಪಲಿಲ್ಲ. ಒಬ್ಬರು ಮಾತ್ರ ಭಿನ್ನಮತ ಬರೆದರು. ಮನೆಗೆ ಅಂಟಿಕೊಂಡ ಅಂಗಳಕ್ಕೂ ಮನೆಯದೇ ರಕ್ಷಣೆಯಿದೆ, ವಾಹನಗಳಿಗೆ ಕೊಟ್ಟ ವಿನಾಯಿತಿಯನ್ನು ಹಿಡಿದು ಅದರೊಳಗೆ ಕಾಲಿಡುವಂತಿಲ್ಲ ಎಂಬುದು ಬಹುಮತದ ನಿಲುವು. ಅದೇ ಗಾಡಿ ಬೀದಿಯಲ್ಲಿ ನಿಂತಿದ್ದರೆ ಈ ವಾದ ನಿಲ್ಲುತ್ತಿರಲಿಲ್ಲ. ಇಲ್ಲಿ ನಿರ್ಣಾಯಕವಾದದ್ದು ಗಾಡಿಯಲ್ಲ, ಅದು ನಿಂತ ಜಾಗ.

ಇನ್ನು ಡಿಕ್ಕಿಯ ಮಾತು. ಸಕಾರಣವಿಲ್ಲದ ಪೊಲೀಸರು ಸಾಮಾನ್ಯವಾಗಿ ಒಪ್ಪಿಗೆ ಕೇಳುತ್ತಾರೆ, ಮತ್ತು ನೀವು ನಿರಾಕರಿಸಬಹುದೆಂದು ತಿಳಿಸುವ ಕರ್ತವ್ಯ ಅವರಿಗಿಲ್ಲವೆಂದು 1973ರಲ್ಲೇ ತೀರ್ಮಾನವಾಗಿದೆ. ಈ ತೀರ್ಪು ನನಗೆ ಎಂದೂ ಸರಿಯೆನಿಸಿಲ್ಲ, ಏಕೆಂದರೆ ಸಮವಸ್ತ್ರದವರ ಕೋರಿಕೆ ಕೇಳುವವರ ಕಿವಿಗೆ ಆಜ್ಞೆಯಾಗಿಯೇ ಬೀಳುತ್ತದೆ. ಆದ್ದರಿಂದ “ಶೋಧಕ್ಕೆ ನನ್ನ ಒಪ್ಪಿಗೆಯಿಲ್ಲ” ಎಂದು ಸೌಜನ್ಯದಿಂದ, ಸ್ಪಷ್ಟವಾಗಿ ಹೇಳಿ. ಬರಿಯ ನಿರಾಕರಣೆಯೇ ಅನುಮಾನಕ್ಕೆ ಆಧಾರವಾಗುವುದಿಲ್ಲ. ಆದರೂ ಅವರು ಮುಂದುವರಿದರೆ ಅಡ್ಡ ನಿಲ್ಲಬೇಡಿ. ಶೋಧ ಅಕ್ರಮವಾಗಿದ್ದರೆ ಸಿಕ್ಕ ಸಾಕ್ಷ್ಯವನ್ನು ವಿಚಾರಣೆಯಿಂದ ಹೊರಗಿಡುವಂತೆ ನಿಮ್ಮ ವಕೀಲರು ನ್ಯಾಯಾಲಯವನ್ನು ಕೇಳಬಹುದು.