ಸಂಡೇ ಸ್ಕೂಲಿಗೆ ಕಳಿಸಿದರೆ ಸಾಕಾ?

"ಮಕ್ಕಳನ್ನು ತಪ್ಪದೆ ಸಂಡೇ ಸ್ಕೂಲಿಗೆ ಕಳಿಸ್ತೀವಿ, ಮನೆಯಲ್ಲಿ ಬೈಬಲ್ ಕಥೆ ಪುಸ್ತಕಾನೂ ಇದೆ. ನಂಬಿಕೆ ಬೆಳೆಯೋಕೆ ಇನ್ನೇನು ಮಾಡಬೇಕು?" ಸಂಡೇ ಸ್ಕೂಲಿನಲ್ಲಿ ಪಾಠ ಮಾಡುವ ನನ್ನನ್ನು ಅಪ್ಪ ಅಮ್ಮಂದಿರು ಹೆಚ್ಚಾಗಿ ಕೇಳೋದು ಇದನ್ನೇ. ನನ್ನ ಉತ್ತರ ಇಷ್ಟೇ: ಮಕ್ಕಳು ಪ್ರಶ್ನೆ ಕೇಳಲಿ. ಕೇಳಿದಾಗ ಪಕ್ಕದಲ್ಲಿ ಕೂತು ಮಾತಾಡಿ.

ಸತ್ಯವೇದದಲ್ಲೇ, ಅಂದರೆ ಬೈಬಲಿನಲ್ಲೇ, ಈ ಕ್ರಮ ಇದೆ. ಯೊರ್ದನ್ ಹೊಳೆ ದಾಟಿದ ಮೇಲೆ ಇಸ್ರಾಯೇಲ್ಯರ ನಾಯಕ ಯೆಹೋಶುವ ಹನ್ನೆರಡು ಕಲ್ಲು ನಿಲ್ಲಿಸಿದ್ದು ಯಾಕೆ? ಮುಂದೆ ಮಕ್ಕಳು "ಈ ಕಲ್ಲುಗಳು ಏನು?" ಅಂತ ಕೇಳುತ್ತಾರೆ, ಆಗ ನಡೆದದ್ದನ್ನು ಹೇಳಬೇಕು ಅಂತ. ಐಗುಪ್ತದ ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬಕ್ಕೂ ಇದೇ ಮಾತು, ವಿಮೋಚನಕಾಂಡ 12ನೇ ಅಧ್ಯಾಯದಲ್ಲಿದೆ. ಮಗು ಕೇಳುತ್ತದೆ, ದೊಡ್ಡವರು ಹೇಳುತ್ತಾರೆ. ನಾವು ಮಾತ್ರ ಕೇಳುವ ಮೊದಲೇ ಉತ್ತರ ಕೊಟ್ಟು ಮುಗಿಸಿಬಿಡುತ್ತೇವೆ.

ಯೋನನ ಕಥೆ ತೆಗೆದುಕೊಳ್ಳಿ. ನಿನೆವೆ ಊರಿಗೆ ಹೋಗಿ ಎಚ್ಚರಿಸು ಅಂತ ದೇವರು ಹೇಳಿದರೆ ತಪ್ಪಿಸಿಕೊಂಡು ಓಡಿ, ದೊಡ್ಡ ಮೀನಿನ ಹೊಟ್ಟೆ ಸೇರಿದ ಪ್ರವಾದಿ ಅವನು. ಎಷ್ಟೋ ಕಡೆ ಮೀನು ಅವನನ್ನು ದಡಕ್ಕೆ ಹಾಕಿದ ಕೂಡಲೇ ಕಥೆ ಮುಗಿಯುತ್ತದೆ, "ದೇವರ ಮಾತು ಕೇಳಬೇಕು" ಅನ್ನೋ ನೀತಿಯೂ ಬಂದುಬಿಡುತ್ತದೆ. ಆದರೆ ಪೂರ್ತಿ ಓದಿ. ನಿನೆವೆಯವರು ಬದಲಾದರು, ದೇವರು ಕ್ಷಮಿಸಿದರು, ಯೋನನಿಗೆ ಅದೇ ಸಿಟ್ಟು! ನೆರಳು ಕೊಟ್ಟ ಗಿಡ ಒಣಗಿದ್ದಕ್ಕೆ ಸಾಯಬೇಕು ಅಂತಾನೆ. ಆಗ ದೇವರು, ಬಲಗೈ ಎಡಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಜನ ಇರುವ ಊರು, ಜೊತೆಗೆ ಎಷ್ಟೋ ದನಕರು, ಅದಕ್ಕೆ ನಾನು ಮರುಗಬಾರದಾ ಅಂತ ಕೇಳುತ್ತಾರೆ. ಪುಸ್ತಕ ಅಲ್ಲಿಗೇ ನಿಲ್ಲುತ್ತದೆ, ಯೋನನ ಉತ್ತರ ಇಲ್ಲ. ಕ್ಲಾಸಿನಲ್ಲಿ ನಾನೂ ಅಲ್ಲೇ ನಿಲ್ಲಿಸಿ ಸುಮ್ಮನಾಗುತ್ತೇನೆ. ಒಬ್ಬಳು ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ನಂಗೂ ಸಿಟ್ಟು ಬಂದಾಗ ದೇವರು ಹೀಗೇ ಮಾತಾಡಿಸ್ತಾರಾ?" ಅಂದಳು. ಯಾವ ನೀತಿ ಹೇಳಿದ್ದರೂ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ.

"ನಮಗೇ ಬೈಬಲ್ ಅಷ್ಟು ಗೊತ್ತಿಲ್ಲ, ಏನು ಹೇಳೋದು?" ಅನ್ನುವವರೂ ಇದ್ದಾರೆ. ಅವರಿಗೆ ನಾನು ಬೈಬಲಿನ 1 ಸಮುವೇಲ ಪುಸ್ತಕದ 3ನೇ ಅಧ್ಯಾಯ ತೋರಿಸುತ್ತೇನೆ. ರಾತ್ರಿ ಯಾರೋ ಕರೆದ ಹಾಗಾಗಿ ಬಾಲಕ ಸಮುವೇಲ ಮೂರು ಸಲ ಯಾಜಕ ಏಲಿಯ ಹತ್ತಿರ ಓಡುತ್ತಾನೆ. ಕರೆದದ್ದು ದೇವರು ಅಂತ ಅವನಿಗೆ ತಿಳಿಯಲಿಲ್ಲ, ತಿಳಿಸಿದ್ದು ಏಲಿ. ಕಣ್ಣು ಮಂಜಾದ ಮುದುಕ, ಸ್ವಂತ ಮಕ್ಕಳನ್ನು ತಿದ್ದಲಾಗದವನು. ಆದರೂ ನಡುರಾತ್ರಿ ಎಬ್ಬಿಸಿದ್ದಕ್ಕೆ ಹುಡುಗನನ್ನು ಗದರಲಿಲ್ಲ.

ಚರ್ಚಿನ ಸಭೆ ಬೇಕಾಗೋದು ಇದಕ್ಕೇ, ಅಲ್ವಾ? ಮನೆಯವರನ್ನು ಬಿಟ್ಟು ಮಗುವಿನ ಹೆಸರು ಗೊತ್ತಿರುವ, ಪರೀಕ್ಷೆ ಹೇಗಾಯ್ತು ಅಂತ ಕೇಳುವ, ಅದಕ್ಕಾಗಿ ಪ್ರಾರ್ಥಿಸುವ ಒಬ್ಬಿಬ್ಬರು ದೊಡ್ಡವರು ಅಲ್ಲಿರಬೇಕು. ಅಪ್ಪ ಅಮ್ಮನ ಹತ್ತಿರ ಹೇಳೋಕೆ ಹಿಂಜರಿಯುವ ಅನುಮಾನವನ್ನು ದೊಡ್ಡ ಮಕ್ಕಳು ಇಂಥವರ ಹತ್ತಿರವೇ ಹೇಳಿಕೊಳ್ಳುವುದು.

ಇನ್ನು, "ಚರ್ಚಿಗೆ ಬರಲ್ಲ" ಅಂತ ಹಟ ಹಿಡಿದರೆ? ಮೊದಲು ಯಾಕೆ ಅಂತ ಕೇಳಿ. ಬೇಜಾರಾಗುತ್ತೆ ಅಂದರೆ ಒಂದು ಕೆಲಸ ಕೊಡಿಸಿ, ಹಾಡಿನ ಪುಸ್ತಕ ಹಂಚಲಿ, ವಾಕ್ಯ ಓದಲಿ. ಅಲ್ಲಿ ಯಾರೋ ನೋಯಿಸಿದ್ದಾರೆ ಅಂದರೆ ನಂಬಿ, ವಿಚಾರಿಸಿ. ದೇವರ ಹೆಸರು ಹೇಳಿ ಬಾಯಿ ಮುಚ್ಚಿಸಬೇಡಿ.