ಬೆರಳ ತುದಿಯ ಗೆರೆ

ಕಳೆದ ಮಳೆಗಾಲದಲ್ಲಿ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದಾಗ, ಮಾತ್ರೆ ಮತ್ತು ಆಪ್ತಸಮಾಲೋಚನೆಯ ಜೊತೆಗೆ ಬಯೋಫೀಡ್‌ಬ್ಯಾಕ್ (ದೇಹದ ಒಳಗಿನ ಲಯವನ್ನು ಪರದೆಯ ಮೇಲೆ ನೋಡುತ್ತ ಉಸಿರಿನಿಂದ ಅದನ್ನು ಹದಗೊಳಿಸಲು ಕಲಿಯುವ) ತರಬೇತಿಯನ್ನೂ ಮಾಡಿ ನೋಡೋಣವೆಂದು ಉಡುಪಿಯ ನನ್ನ ಮನೋವೈದ್ಯರು ಸೂಚಿಸಿದರು. ಕರೆಂಟು ಹಾಯಿಸುತ್ತಾರೇನೋ ಎಂದು ಅಮ್ಮ ಹೆದರಿದ್ದರು, ಅಂಥದ್ದೇನೂ ಇಲ್ಲ. ಬಟ್ಟೆ ಒಣಗಿಸುವ ಕ್ಲಿಪ್ಪಿನಂಥದ್ದೊಂದನ್ನು ಬೆರಳಿಗೆ ಸಿಕ್ಕಿಸುತ್ತಾರೆ, ಅದು ಬೆಳಕಿನ ಮೂಲಕ ನಾಡಿಯನ್ನು ಗ್ರಹಿಸಿ, ಬಡಿತದ ವೇಗದ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ, ಅಷ್ಟೆ.

ಆರೋಗ್ಯವಂತ ಹೃದಯ ಗಡಿಯಾರದಂತೆ ಬಡಿಯುವುದಿಲ್ಲ. ಉಸಿರು ಒಳಗೆಳೆದಾಗ ಬಡಿತ ತುಸು ಚುರುಕಾಗಿ, ಬಿಟ್ಟಾಗ ನಿಧಾನವಾಗುತ್ತದೆ. ಖಿನ್ನತೆಯಿರುವ ಅನೇಕರಲ್ಲಿ ಈ ಏರಿಳಿತ ಕುಗ್ಗಿರುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಆಡುವ ಉಸಿರನ್ನು ಸುಮಾರು 6ಕ್ಕೆ ಇಳಿಸಿದರೆ, ರಕ್ತದೊತ್ತಡವನ್ನು ಹದದಲ್ಲಿಡುವ ನರವ್ಯವಸ್ಥೆಯ ಲಯವು ಉಸಿರಿನ ಲಯದೊಂದಿಗೆ ಕೂಡಿಕೊಂಡು ಆ ಏರಿಳಿತ ಹಿಗ್ಗುತ್ತದೆ; ಯಾರಿಗೆ ಯಾವ ವೇಗ ಸರಿಹೊಂದುತ್ತದೆ ಎಂಬುದು ಮಾತ್ರ ಸ್ವಲ್ಪ ಬೇರೆಬೇರೆ.

ಮೊದಲ ದಿನ ನನ್ನ ಗೆರೆ ಗರಗಸದ ಹಲ್ಲಿನಂತಿತ್ತು. ಚೆನ್ನಾಗಿ ಮಾಡಬೇಕೆಂಬ ಹಟದಲ್ಲಿ ಎದೆ ತುಂಬ ಉಸಿರೆಳೆದೆಳೆದು ತಲೆ ಸುತ್ತಿತು. (ಪರೀಕ್ಷೆಯ ಅಂಕಗಳಿಗೆ ಒಗ್ಗಿಹೋದ ನಮ್ಮ ಜಿಲ್ಲೆಯವರ ಹಣೆಬರಹವೇ ಇದು.) ಆಳಕ್ಕಿಂತ ನಿಧಾನ ಮುಖ್ಯವೆಂದು ತರಬೇತಿ ನೀಡುವವರು ತಿದ್ದಿದರು. ನಾಲ್ಕನೆಯ ವಾರ, ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದಾಗ, ಆ ಗೆರೆ ಮಳೆಗಾಲ ಕಳೆದ ಮಲ್ಪೆಯ ಕಡಲಿನಂತೆ ದುಂಡಗೆ ಏರಿಳಿಯಿತು. ಏನೂ ನನ್ನ ಕೈಯಲ್ಲಿಲ್ಲವೆಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ ನನಗೆ, ನನ್ನಿಂದಲೇ ಬದಲಾದದ್ದೊಂದು ಕಣ್ಣೆದುರು ಕಂಡಿತು.

ಮಾತ್ರೆಯನ್ನು ನಾನು ಬಿಟ್ಟಿಲ್ಲ, ವೈದ್ಯರೂ ಇದನ್ನು ಪೂರಕವೆಂದೇ ಹೇಳುತ್ತಾರೆ. ಈಗ ಯಂತ್ರವಿಲ್ಲದೆ, ಬೆಳಿಗ್ಗೆ 20 ನಿಮಿಷ ಜಗಲಿಯಲ್ಲಿ ಕುಳಿತು ಅಭ್ಯಾಸ ಮಾಡುತ್ತೇನೆ. ಒಳಗೆ ಅಮ್ಮ ಕುಕ್ಕರಿನ ಸೀಟಿ ಎಣಿಸುತ್ತಿರುತ್ತಾರೆ.