ನಮ್ಮ ಕ್ಯಾಸೆಟ್‌ಗೆ ಇದ್ದಿದ್ದು 60 ಪಿನ್ನು

ಹೋದ ತಿಂಗಳು ನನ್ನ ಸ್ಕೂಲ್ ಫ್ರೆಂಡು ನ್ಯೂಜೆರ್ಸಿಯಿಂದ ಅರಸೀಕೆರೆಗೆ ಬಂದಿದ್ದ, ಬರ್ತಾ ನಂಗೋಸ್ಕರ ಒಂದು ವಿಡಿಯೋ ಗೇಮ್ ಕ್ಯಾಸೆಟ್ ತಂದಿದ್ದ. ಮೆಗಾ ಮ್ಯಾನ್ 2. ಹಳೇ ಕಾಲದ್ದಲ್ಲ, ಆ ಸರಣಿಗೆ 30 ವರ್ಷ ತುಂಬ್ತು ಅಂತ 2018ರಲ್ಲಿ ಐಆಮ್8ಬಿಟ್ ಅನ್ನೋ ಕಂಪನಿ ಆ ಆಟ ಮಾಡಿದ್ದ ಕ್ಯಾಪ್‌ಕಾಮ್ ಹತ್ರ ಲೈಸೆನ್ಸ್ ತಗೊಂಡು ಹೊಸದಾಗಿ ಮಾಡ್ಸಿದ್ದು, ಒಟ್ಟು 8,500 ಪೀಸ್ ಅಷ್ಟೇ. ನೀಲಿ ಪ್ಲಾಸ್ಟಿಕ್ಕು, ಡಬ್ಬಿ ಸಮೇತ. ಅಲ್ಲಿ ಹಳೇ ಗೇಮ್ ಸಂಗ್ರಹಿಸೋರು ಯಾರೋ ಮಾರ್ತಿದ್ರಂತೆ, ನನ್ನ ನೆನಪಾಯ್ತಂತೆ, ತಗೊಂಡ್ಬಂದ. ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ ಕಾಫಿ ಕುಡಿಯೋಕೂ ಬಿಡದೆ ಅವನನ್ನ ಸೀದಾ ರೂಮಿಗೆ ಎಳ್ಕೊಂಡು ಹೋಗಿ ಟಿವಿ ಹಾಕಿ ಗೇಮ್ ಸೆಟ್ ಹೊರಗೆ ತೆಗ್ದೆ.

ಕ್ಯಾಸೆಟ್ ಒಳಗೆ ಹೋಗ್ಲೇ ಇಲ್ಲ.

"ತಿರುಗಿಸಿ ಹಾಕ್ ನೋಡೋ" ಅಂದ. ತಿರುಗಿಸಿದ್ರೂ ಅಷ್ಟೇ. ಸೆಟ್ಟಿನ ಬಾಯಿಗಿಂತ ಕ್ಯಾಸೆಟ್ಟೇ ಅಗಲ ಇದೆ. ಇದು ನಂಗೆ ಗೊತ್ತಿರೋ ವಿಷಯನೇ, ಎಷ್ಟೋ ವರ್ಷದಿಂದ ಓದ್ಕೊಂಡೂ ಬಂದಿದೀನಿ, ಆದ್ರೂ ಆ ಖುಷೀಲಿ ಮರ್ತೇ ಹೋಗಿತ್ತು. ಅಮೆರಿಕದ ನಿಂಟೆಂಡೊ ಸೆಟ್‌ಗೆ 72 ಪಿನ್ನು, ನಮ್ಮಲ್ಲಿ ಆಡ್ತಿದ್ವಲ್ಲ, ಆ ಸೆಟ್‌ಗಳಿಗೆ 60.

ಯಾಕೆ ಹಂಗೆ ಅಂದ್ರೆ, ನಿಂಟೆಂಡೊ ಜಪಾನಲ್ಲಿ 1983ರ ಜುಲೈನಲ್ಲಿ ಬಿಟ್ಟಿದ್ದು ಫ್ಯಾಮಿಕಾಮ್ ಅಂತ, ಅದ್ರ ಕ್ಯಾಸೆಟ್‌ಗೆ 60 ಪಿನ್ನು. 1985ರಲ್ಲಿ ಅದನ್ನೇ ಎನ್‌ಇಎಸ್ ಅನ್ನೋ ಹೆಸರಲ್ಲಿ ಅಮೆರಿಕಕ್ಕೆ ತಗೊಂಡು ಹೋಗುವಾಗ ಹೊರಗಿನ ರೂಪನೂ ಬದಲಾಯಿಸಿದ್ರು, ಕ್ಯಾಸೆಟ್ಟೂ ಬದಲಾಯಿಸಿದ್ರು. ಸೌಂಡಿನ 2 ಪಿನ್ ತೆಗೆದ್ರು, ಮುಂದೆ ಬೇಕಾಗ್ಬಹುದು ಅಂತ ಎಕ್ಸ್‌ಪಾನ್ಶನ್‌ಗೆ 10 ಪಿನ್ ಸೇರಿಸಿದ್ರು, ಇನ್ನು 4 ಪಿನ್ ಲಾಕ್ ಚಿಪ್‌ಗೆ. ಈ ಲಾಕ್ ಚಿಪ್ ಕ್ಯಾಸೆಟ್ಟಲ್ಲೂ ಇರುತ್ತೆ ಸೆಟ್ಟಲ್ಲೂ ಇರುತ್ತೆ, ಆನ್ ಮಾಡಿದ ತಕ್ಷಣ ಎರಡೂ ಮಾತಾಡ್ಕೊಳ್ತವೆ, ಮಾತು ಹೊಂದಲಿಲ್ಲ ಅಂದ್ರೆ ಸೆಟ್ಟು ಸೆಕೆಂಡಿಗೊಂದ್ಸಲ ರೀಸೆಟ್ ಆಗ್ತಾ ಕೆಂಪು ಲೈಟ್ ಮಿಣುಕ್ತಾ ಕೂರುತ್ತೆ. ಜಪಾನಿನ ಫ್ಯಾಮಿಕಾಮ್‌ನಲ್ಲಿ ಈ ಬೀಗನೇ ಇರ್ಲಿಲ್ಲ. ಬೀಗ ಇಲ್ದೇ ಇದ್ದಿದ್ದಕ್ಕೇ ತೈವಾನ್‌ನಲ್ಲಿ ಅದನ್ನ ನಕಲು ಮಾಡೋದು ಸುಲಭ ಆಯ್ತು, ಅಲ್ಲಿಂದ ಚೀನಾ, ಅಲ್ಲಿಂದ ನಮ್ಮ ದೇಶ, ಕೊನೆಗೆ 1996ರಲ್ಲಿ ನಮ್ಮ ಸೋದರಮಾವ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿಂದ ರಟ್ಟಿನ ಡಬ್ಬೀಲಿ ತಂದು ನಮ್ಮನೆ ಟಿವಿ ಮುಂದೆ ಇಟ್ಟಿದ್ದೂ ಅದೇ ನಕಲು.

ನಾವ್ಯಾರೂ ಅದನ್ನ ನಕಲು ಅಂತ ಕರೀಲಿಲ್ಲ. ವಿಡಿಯೋ ಗೇಮ್ ಅಂತಿದ್ವಿ. ಕಾರ್ಟ್ರಿಜ್ ಅನ್ನೋ ಪದನೇ ಗೊತ್ತಿರ್ಲಿಲ್ಲ, ಕ್ಯಾಸೆಟ್ ಅಷ್ಟೇ, ನಾನು ಈಗ್ಲೂ ಹಂಗೇ ಹೇಳೋದು. ನಮ್ಮ ಬೀದೀಲಿ ಇನ್ನೊಬ್ಬರ ಮನೇಲಿ ಲಿಟಲ್ ಮಾಸ್ಟರ್ ಅನ್ನೋ ಸೆಟ್ ಇತ್ತು, ಬಸ್‌ಸ್ಟ್ಯಾಂಡ್ ಹತ್ರ ಒಂದು ಅಂಗಡೀಲಿ ಅರ್ಧ ಗಂಟೆಗೆ 5 ರೂಪಾಯಿ ತಗೊಂಡು ಆಡಕ್ಕೆ ಬಿಡ್ತಿದ್ರು, ರಜಾ ದಿನ ಅಲ್ಲಿ ಚಪ್ಪಲಿ ಬಿಡೋಕೂ ಜಾಗ ಇರ್ತಿರ್ಲಿಲ್ಲ. ಮಾರಿಯೋ, ಕಾಂಟ್ರಾ, ರೋಡ್ ಫೈಟರ್, ಸರ್ಕಸ್ ಚಾರ್ಲಿ, ಬಾತುಕೋಳಿ ಹೊಡೆಯೋದು, ಮತ್ತೆ ಟ್ಯಾಂಕು. ಟ್ಯಾಂಕಿನ ನಿಜವಾದ ಹೆಸರು ಬ್ಯಾಟಲ್ ಸಿಟಿ, ನಾಮ್ಕೋದವರು 1985ರಲ್ಲಿ ಮಾಡಿದ್ದು, 35 ಸ್ಟೇಜು ಅಂತೆಲ್ಲಾ ನಂಗೆ ಗೊತ್ತಾಗಿದ್ದು ಇಂಜಿನಿಯರಿಂಗ್ ಓದುವಾಗ.

ನಾನು ಕಲೆಕ್ಷನ್ ಶುರು ಮಾಡಿ ಒಂಬತ್ತು ವರ್ಷ ಆಯ್ತು. ಮೊದ್ಲು ನಂಗೂ ಎಲ್ಲರ ಥರ ಅಸಲಿ ಸಾಮಾನಿನ ಹುಚ್ಚು. ಗೇಮ್ ಬಾಯ್ ತಗೊಂಡೆ, ಮೆಗಾ ಡ್ರೈವ್ ತಗೊಂಡೆ. ಒಂದ್ಸಲ ಆನ್‌ಲೈನಲ್ಲಿ ಒಬ್ಬರ ಹತ್ರ ಒರಿಜಿನಲ್ ಅಂತ ನಂಬಿ ಗೇಮ್ ಬಾಯ್ ಅಡ್ವಾನ್ಸ್‌ದು ಒಂದು ಪೋಕೆಮಾನ್ ಕ್ಯಾಸೆಟ್‌ಗೆ 4,500 ಕೊಟ್ಟೆ, ಮೂರು ವಾರ ಆಡಿದ್ ಮೇಲೆ ಸೇವ್ ಎಲ್ಲಾ ಹೋಯ್ತು, ಬಿಚ್ಚಿ ನೋಡಿದ್ರೆ ಡೂಪ್ಲಿಕೇಟ್ ಬೋರ್ಡು. ದುಡ್ಡು ವಾಪಸ್ ಬರ್ಲಿಲ್ಲ. ಬಹಳ ಬೇಜಾರಾಯ್ತು. ಅವತ್ತಿಂದ ಲೇಬಲ್ ಮೇಲೆ ಬೆಳಕು ಓರೆಯಾಗಿ ಬಿಟ್ಟು ಒತ್ತಿರೋ ಎರಡಂಕಿ ನಂಬರ್ ಇದ್ಯಾ ಅಂತ, ಕೆಳಗೆ ಪಿನ್ನಿನ ಮೇಲ್ಗಡೆ ಬೋರ್ಡಲ್ಲಿ ನಿಂಟೆಂಡೊ ಅಂತ ಕಾಣುತ್ತಾ ಅಂತ ನೋಡ್ದೆ ತಗೊಳ್ಳೋದೇ ಇಲ್ಲ. ನೀವೂ ಫೋಟೋ ಕೇಳಿ, ಕೊಡಲ್ಲ ಅಂದ್ರೆ ಬಿಟ್ಬಿಡಿ.

ಮತ್ತೆ ಈ ರೀರಿಲೀಸ್ ವಿಷಯ, ಅಂದ್ರೆ ಹಳೇದನ್ನೇ ಹೊಸದಾಗಿ ಮತ್ತೆ ಬಿಡೋದು. 2016ರಲ್ಲಿ ನಿಂಟೆಂಡೊ ಎನ್‌ಇಎಸ್ ಕ್ಲಾಸಿಕ್ ಅಂತ ಅಂಗೈ ಅಗಲದ ಸೆಟ್ ಬಿಡ್ತಲ್ಲ, 30 ಆಟ ಒಳಗೇ ಇತ್ತು, ಕ್ಯಾಸೆಟ್ ಹಾಕೋ ಹಾಗೇ ಇಲ್ಲ. ನಮ್ಮ ಆಫೀಸಿನವರೊಬ್ಬರು ಸಿಂಗಾಪುರದಿಂದ ತರಿಸಿದ್ರು, ಅವರ ಮನೇಗೆ ಹೋಗಿ ಆ ಪಟ್ಟಿ ನೋಡ್ತಾ ಕೂತೆ. ಮಾರಿಯೋ ಇತ್ತು, ಎಕ್ಸೈಟ್‌ಬೈಕ್ ಇತ್ತು, ಐಸ್ ಕ್ಲೈಂಬರ್ ಇತ್ತು, ಮೆಗಾ ಮ್ಯಾನ್ 2 ಕೂಡ ಇತ್ತು. ಕಾಂಟ್ರಾ ಇಲ್ಲ, ಅದ್ರ ಮುಂದಿನ ಭಾಗ ಇದೆ. ಬಾತುಕೋಳಿ ಇಲ್ಲ. ಟ್ಯಾಂಕ್ ಇಲ್ಲ, ಅದು ಅಮೆರಿಕದಲ್ಲಿ ಆ ಸೆಟ್‌ಗೆ ಬಿಡುಗಡೆನೇ ಆಗಿರ್ಲಿಲ್ಲ. ರೋಡ್ ಫೈಟರ್ ಇಲ್ಲ, ಸರ್ಕಸ್ ಇಲ್ಲ. ಅದೊಂದು ಒಳ್ಳೇ ಸೆಟ್ಟೇ, ಚೆನ್ನಾಗ್ ಮಾಡಿದಾರೆ, ಆದ್ರೆ ಅದು ಅಮೆರಿಕದ ಹುಡುಗರ ಬಾಲ್ಯ, ನಮ್ದು ಅದ್ರಲ್ಲಿ ಅರ್ಧನೂ ಇಲ್ಲ. ಅವತ್ತೇ ನಂಗೆ ಅನ್ಸಿದ್ದು, ಅವರ ಸಾಮಾನು ಕಾಪಾಡೋಕೆ ಅವರಿದಾರೆ, ದೊಡ್ಡ ದೊಡ್ಡ ಕಂಪನಿಗಳಿದಾವೆ, ನಮ್ಮ ಬೂದು ಬಣ್ಣದ ನಕಲಿ ಸೆಟ್ಟನ್ನ, ಒಂದ್ರಲ್ಲೇ ಅಷ್ಟು ಆಟ ಇದೆ ಅಂತ ಬರ್ಕೊಂಡಿದ್ದ ಆ 9999999 ಇನ್ 1 ಕ್ಯಾಸೆಟ್ಟನ್ನ ಯಾರು ಎತ್ತಿಡ್ತಾರೆ?

ಮುಂದಿನ ಭಾನುವಾರವೇ ಚಿಕ್ಕಪೇಟೆ ಹತ್ರ ಸಂಡೇ ಬಜಾರ್‌ಗೆ ಹೋದೆ. ಬೆಳಿಗ್ಗೆ ಆರೂವರೆಗೇ ಹೋಗ್ಬೇಕು, ತಡ ಆದ್ರೆ ಒಳ್ಳೇದೆಲ್ಲ ಹೋಗ್ಬಿಟ್ಟಿರುತ್ತೆ. ಟಾರ್ಪಾಲ್ ಮೇಲೆ ರಿಮೋಟು, ಮಿಕ್ಸಿ ಜಾರು, ಚಾರ್ಜರ್ ರಾಶಿ ಮಧ್ಯೆ ಒಂದು ಸೆಟ್ಟು, ಹಳದಿ ತಿರುಗಿದೆ, ಜಾಯ್‌ಸ್ಟಿಕ್ ಒಂದೇ ಇದೆ.

"ಅಣ್ಣ, ಇದು ಓಡುತ್ತಾ?"

"ಓಡುತ್ತೆ ಸರ್, ಓಡ್ದೇ ಏನು, ಎಂಟ್ನೂರು ಕೊಡಿ."

"ಓಡುತ್ತೆ ಅಂತ ಗ್ಯಾರಂಟಿ ಕೊಡ್ತೀರಾ?"

"ಗ್ಯಾರಂಟಿ ಬೇಕು ಅಂದ್ರೆ ಶೋರೂಮ್‌ಗೆ ಹೋಗಿ ಸರ್. ಆಯ್ತು, ನಾನೂರು ಕೊಡಿ, ಮೂರು ಕ್ಯಾಸೆಟ್ಟೂ ಹಾಕ್ತೀನಿ."

ನಾನೂರಕ್ಕೆ ತಂದೆ. ಬಿಚ್ಚಿ ನೋಡಿದ್ರೆ ಒಳಗೆ ಕರೀ ಮೇಣದ ಬೊಟ್ಟು ಇಟ್ಟಿರೋ ಬೋರ್ಡ್ ಅಲ್ಲ, 40 ಕಾಲಿನ ಎರಡು ದೊಡ್ಡ ಚಿಪ್ಪು, ಮೇಲೆ ಯುಎಂಸಿ ಅಂತ ಅಚ್ಚು. ತೈವಾನಿನ ಯುಎಂಸಿ ಕಂಪನಿ ಫ್ಯಾಮಿಕಾಮ್‌ನ ಎರಡೂ ಚಿಪ್ಪನ್ನ ನಕಲು ಮಾಡಿತ್ತು, ಮೊದಮೊದ್ಲ ಸೆಟ್‌ಗಳಲ್ಲಿ ಅವು ಬಿಡಿಬಿಡಿಯಾಗೇ ಇರ್ತಿದ್ವು, ಆಮೇಲೆ ಖರ್ಚು ಉಳಿಸೋಕೆ ಎಲ್ಲಾನೂ ಒಂದೇ ಚಿಪ್ಪಲ್ಲಿ ತುರುಕಿ ಮೇಲೆ ಕಪ್ಪು ಎಪಾಕ್ಸಿ ಸುರಿದ್ರು. ಮಾವ ತಂದಿದ್ದು ಆ ಕಪ್ಪು ಬೊಟ್ಟಿಂದು. ಈ ಯುಎಂಸಿ ಸೆಟ್ಟೇ ಈಗ ನನ್ನ ಮೇನ್ ಸೆಟ್ಟು, ಒಳಗೆ 5 ವೋಲ್ಟ್ ಕೊಡೋ 7805 ರೆಗ್ಯುಲೇಟರ್ ಒಂದು ಸತ್ತಿತ್ತು, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗೋ ಅಗ್ಗದ ಸಾಮಾನು, ಬೆಸುಗೆ ಹಾಕಿ ಮೀಟರ್ ಹಿಡಿದ್ರೆ ಸರಿಯಾಗಿ 5 ವೋಲ್ಟು.

ಇದೇ ಸೆಟ್ಟಿಂದ ನಂಗೆ ಇನ್ನೊಂದು ವಿಷಯ ಅರ್ಥ ಆಯ್ತು. ಕಾಲೇಜಲ್ಲಿ ಮೊದಲನೇ ಸಲ ಕಂಪ್ಯೂಟರಲ್ಲಿ ಎಮ್ಯುಲೇಟರ್, ಅಂದ್ರೆ ಆ ಸೆಟ್ ಥರನೇ ನಡ್ಕೊಳ್ಳೋ ಸಾಫ್ಟ್‌ವೇರ್ ಹಾಕಿ ಮಾರಿಯೋ ಆಡಿದಾಗ ಆ ಮ್ಯೂಸಿಕ್ ಯಾಕೋ ಓಡ್ತಿದೆ ಅನ್ಸಿತ್ತು, ಯಾರೋ ಅಟ್ಟಿಸ್ಕೊಂಡು ಬಂದಂಗೆ, ನಾನು ಗುಂಡಿಗೆ ಬೀಳ್ತಾನೇ ಇದ್ದೆ. ಕಂಪ್ಯೂಟರ್ ಹಾಳಾಗಿದೆ ಅನ್ಕೊಂಡಿದ್ದೆ. ವಿಷಯ ಏನಂದ್ರೆ ಜಪಾನು ಅಮೆರಿಕದ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಾಯಿಸುತ್ತೆ, ಪಾಲ್ ಅನ್ನೋ ಪದ್ಧತಿಯ ನಮ್ಮ ಟಿವಿ 50 ಸಲ, ಆಟ ನಡೆಯೋದು ಆ ಎಣಿಕೆ ಮೇಲೇ, ಹಂಗಾಗಿ ನಮ್ಮಲ್ಲಿ ಎಲ್ಲಾ ಆರರಲ್ಲಿ ಒಂದು ಭಾಗ ನಿಧಾನ. ಆದ್ರೆ ಪ್ರೊಸೆಸರ್ ಸ್ಪೀಡು ಹೆಚ್ಚುಕಮ್ಮಿ ಜಪಾನಿನಷ್ಟೇ ಇರೋ ಹಾಗೆ ಆ ನಕಲಿನವರು ಮಾಡಿದ್ರಿಂದ ಶ್ರುತಿ ಅಷ್ಟೇನೂ ಇಳಿಯಲ್ಲ, ತಾಳ ಮಾತ್ರ ನಿಧಾನ. ನಮ್ಮ ಊರಲ್ಲಿ ಮಾರಿಯೋ ಬೇರೆ ಲಯದಲ್ಲಿ ಓಡ್ತಿದ್ದ. ನಮ್ಮ ಕಿವಿಗೆ ಅದೇ ಸರಿ, ಅದು ಯಾವ ರೀರಿಲೀಸಲ್ಲೂ ಸಿಗಲ್ಲ.

ಆಟಕ್ಕೆ ಅಂತ ಸೆಟ್ಟಿಗೆ ಚುಚ್ಚೋ ಬಂದೂಕೂ ಹಂಗೇ. ಬಾತುಕೋಳಿ ಆಟದಲ್ಲಿ ಟ್ರಿಗರ್ ಒತ್ತಿದ ಕೂಡ್ಲೇ ಟಿವಿ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಬಿಳೀ ಚೌಕ ಬರುತ್ತೆ, ಬಂದೂಕಿನ ನಳಿಗೆ ಒಳಗಿರೋ ಸೆನ್ಸರ್ ಕಪ್ಪು ನೋಡಿ ಆಮೇಲೆ ಬಿಳಿ ನೋಡ್ತು ಅಂದ್ರೆ ಗುರಿ ತಗುಲ್ತು ಅಂತ. ಎಲ್‌ಇಡಿ ಟಿವೀಲಿ ಆ ಬಿಳಿ ಬರೋದು ಸ್ವಲ್ಪ ತಡ, ಅಷ್ಟರಲ್ಲಿ ಆಟದ ಲೆಕ್ಕ ಮುಗಿದಿರುತ್ತೆ, ಎಷ್ಟು ಹೊಡೆದ್ರೂ ಬೀಳಲ್ಲ. ಅದಕ್ಕೇ ಪಕ್ಕದ ಮನೆ ಆಂಟಿ 21 ಇಂಚಿನ ದಪ್ಪ ಟಿವಿ ಗುಜರಿಗೆ ಹಾಕ್ತೀನಿ ಅಂದಾಗ ನಾನು ಕೇಳಿ ಇಸ್ಕೊಂಡೆ. ಮೇಲಕ್ಕೆ ಹೊತ್ತು ತರೋಕೆ ಇಬ್ರು ಬೇಕಾಯ್ತು. ಮನೇಲಿ ಜಾಗ ಇಲ್ಲ ಅಂತ ಮಾತು ಬಂತು, ಬರೋದು ಸಹಜನೇ, ಆದ್ರೆ ದೀಪಾವಳಿಗೆ ಅಕ್ಕ ಬಂದವಳು ಅದ್ರ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳಲ್ಲ, ಆಮೇಲೆ ಯಾರೂ ಏನೂ ಅನ್ಲಿಲ್ಲ. "ಲೋ ನೀನು ಹದ್ದು ಕಾಯಿ, ನಾನ್ ಮೇಲೆ ಹೋಗ್ತೀನಿ" ಅಂದಳು, 28 ವರ್ಷದ ಹಿಂದೆ ಏನು ಹೇಳ್ತಿದ್ದಳೋ ಅದೇ ಮಾತು. ಟ್ಯಾಂಕಲ್ಲಿ ನಾವು ಕಾಯ್ಬೇಕಾದ್ದು ಕೆಳಗಿರೋ ಹದ್ದಿನ ಗುರುತನ್ನ. ಜೊತೆಯವರ ಗುಂಡು ತಾಗಿದ್ರೆ ಸಾಯಲ್ಲ, ಸ್ವಲ್ಪ ಹೊತ್ತು ನಿಂತಲ್ಲೇ ನಿಂತ್ಬಿಡ್ತೀವಿ. ಅವಳು ಬೇಕಂತಲೇ ಹೊಡೆಯೋದು ಈಗ್ಲೂ ಬಿಟ್ಟಿಲ್ಲ.

ಮೆಗಾ ಮ್ಯಾನ್ ಕಥೆ ಹೇಳ್ತೀನಿ ಇರಿ. 72ರಿಂದ 60ಕ್ಕೆ ಇಳಿಸೋ ಅಡಾಪ್ಟರ್ ತರಿಸ್ದೆ, ಬರೋಕೆ ಹದಿನಾರು ದಿನ ಹಿಡೀತು, ಫ್ರೆಂಡು ಅಷ್ಟರಲ್ಲಿ ವಾಪಸ್ ಹೋಗಿದ್ದ. ಹಾಕೋಕೆ ಸ್ವಲ್ಪ ಭಯನೂ ಇತ್ತು. ಈ ಕ್ಯಾಸೆಟ್ ಮಾಡ್ಸಿದ ಐಆಮ್8ಬಿಟ್ ಕಂಪನಿನೇ 2017ರಲ್ಲಿ ಸೂಪರ್ ನಿಂಟೆಂಡೊ ಅನ್ನೋ ಸೆಟ್‌ಗೆ ಸ್ಟ್ರೀಟ್ ಫೈಟರ್ 2 ಮತ್ತೆ ತಂದಾಗ, ಇದನ್ನ ಹಾಕಿದ್ರೆ ಸೆಟ್ಟು ಬಿಸಿಯಾಗಬಹುದು, ಬೆಂಕಿನೂ ಹತ್ತಬಹುದು ಅಂತ ಅವರೇ ಎಚ್ಚರಿಕೆ ಬರ್ದಿದ್ರು. ಹಳೇ ಸೆಟ್ಟೆಲ್ಲ 5 ವೋಲ್ಟಿಂದು, ಈಗ ಸಿಗೋ ಫ್ಲ್ಯಾಶ್ ಚಿಪ್ಪು ಸಾಮಾನ್ಯವಾಗಿ 3.3 ವೋಲ್ಟಿಂದು, ಮಧ್ಯೆ ವೋಲ್ಟೇಜ್ ಹೊಂದಿಸೋ ಚಿಪ್ ಹಾಕ್ದೇ ದುಡ್ಡು ಉಳಿಸಿದ್ರೆ ಹೊಸ ಚಿಪ್ಪಿಗೂ ಪೆಟ್ಟು, ಹಳೇ ಸೆಟ್ಟಿಗೂ ಪೆಟ್ಟು. ಹೊಸ ಕ್ಯಾಸೆಟ್ ತಗೊಳ್ಳೋರು ಡಬ್ಬಿ ಎಷ್ಟು ಚೆಂದ ಅಂತ ನೋಡೋದಕ್ಕಿಂತ ಇದನ್ನ ಕೇಳ್ಬೇಕು ಅನ್ನೋದು ನನ್ನ ಅಭಿಪ್ರಾಯ. ನಾನು ಅರ್ಧ ಗಂಟೆ ಓಡ್ಸಿ ಕೈಯಿಟ್ಟು ನೋಡ್ದೆ, ಬಿಸಿ ಇರ್ಲಿಲ್ಲ. ಆಟ ಸೊಗಸಾಗಿ ಬಂತು, ನಮ್ಮ 50ರ ಲಯದಲ್ಲೇ. ಫ್ರೆಂಡಿಗೆ ವಿಡಿಯೋ ಕಾಲ್ ಮಾಡಿ ತೋರಿಸ್ದೆ, ಅವನು ಆಫೀಸಲ್ಲಿದ್ದ, ಆದ್ರೂ ಕಾಲ್ ಕಟ್ ಮಾಡ್ಲಿಲ್ಲ.

ಈಗ ನಾನು ಮಾಡ್ತಿರೋ ಮುಖ್ಯ ಕೆಲಸ ಬೇರೆ, ಹಳೇ 60 ಪಿನ್ ಕ್ಯಾಸೆಟ್‌ಗಳನ್ನ ಓದಿ ಕಂಪ್ಯೂಟರಿಗೆ ಇಳಿಸೋದು. ಮೊದ್ಲು ಪಿನ್ನು ಕ್ಲೀನ್ ಮಾಡ್ಬೇಕು. ನಾವೆಲ್ಲ ಊದ್ತಿದ್ವಲ್ಲ, ಅದು ತಪ್ಪು, ಬಾಯಿ ತೇವಕ್ಕೆ ಪಿನ್ನು ಹಸಿರುಗಟ್ಟುತ್ತೆ, ತೆಗೆದು ಹಾಕಿದಾಗ ಪಿನ್ ಸರಿ ಕೂತು ಓಡ್ತಿತ್ತೇ ಹೊರತು ಊದಿದ್ದಕ್ಕಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಇಯರ್ ಬಡ್ಸ್ ತಗೊಂಡು ಪಿನ್ನಿನ ಉದ್ದಕ್ಕೆ ಉಜ್ಜಿದ್ರೆ ಮೊದಲ್ನೇದು ಕರೀ ಮಸಿ ಥರ ಬರುತ್ತೆ, ನಾಲ್ಕನೇದೋ ಐದನೇದೋ ಬಿಳೀ ಬರುತ್ತೆ, ಆಮೇಲೆ ಡಂಪರ್‌ಗೆ, ಅಂದ್ರೆ ಕ್ಯಾಸೆಟ್ ಓದೋ ಸಾಧನಕ್ಕೆ ಹಾಕೋದು. ಕಪ್ಪು ಬೊಟ್ಟಿನ ಕ್ಯಾಸೆಟ್ ಆದ್ರೆ ಚಿಪ್ ಕಿತ್ತು ಓದೋಕಾಗಲ್ಲ, ಪಿನ್ನಿಂದಲೇ ಓದ್ಬೇಕು, ಮೆಮೊರಿಯ ಯಾವ ಭಾಗ (ಬ್ಯಾಂಕ್ ಅಂತಾರೆ) ಎಲ್ಲಿ ಬದಲಾಗುತ್ತೆ ಅಂತ ಒಂದೊಂದೇ ಹುಡುಕ್ತಾ ಹೋಗ್ಬೇಕು, ಒಂದೊಂದು ಕ್ಯಾಸೆಟ್‌ಗೆ ನಾಲ್ಕು ರಾತ್ರಿ ಕೂತಿದ್ದೂ ಇದೆ.

ಮಾವ ತಂದಿದ್ದ 9999999 ಇನ್ 1 ಓದಿದಾಗ ನಿಜಕ್ಕೂ ಒಳಗಿದ್ದಿದ್ದು 5 ಆಟ. ಮಿಕ್ಕ ನಂಬರೆಲ್ಲ ಅವೇ ಐದನ್ನ ಬೇರೆ ಬೇರೆ ಕಡೆಯಿಂದ ಶುರು ಮಾಡೋದು, ಮಾರಿಯೋ ಮೂರನೇ ಲೋಕದಿಂದ, ಟ್ಯಾಂಕ್ ಎಂಟನೇ ಸ್ಟೇಜಿಂದ, ಹಂಗೆ. ಯಾವುದೋ ಊರಲ್ಲಿ ಹೆಸರೇ ಗೊತ್ತಿಲ್ಲದ ಯಾರೋ ಒಬ್ಬರು ಅಷ್ಟು ಚಿಕ್ಕ ಜಾಗದಲ್ಲಿ ಆ ಮೆನು ಬರೆದು, ಹಿಂದೆ ಸಮುದ್ರ ಇಟ್ಟು, ಹಕ್ಕಿ ಹಾರಿಸಿ, ಒಂದು ಟ್ಯೂನೂ ಹಾಕಿದಾರೆ. ಅದನ್ನ ನೋಡ್ತಾ ನಾನು ಅಕ್ಕ ಸೇರಿ ಐನೂರನೇ ನಂಬರ್ ತನಕ ಪುಟ ತಿರುಗಿಸಿದ್ದು, ಹೊಸ ಆಟ ಬರುತ್ತೆ ಬರುತ್ತೆ ಅಂತ ಇಡೀ ಮಧ್ಯಾಹ್ನ ಕಾದಿದ್ದು ಎಲ್ಲಾ ನೆನಪಾಯ್ತು. ಅವರಿಗೆ ಥ್ಯಾಂಕ್ಸ್ ಹೇಳ್ಬೇಕು ಅನ್ಸುತ್ತೆ, ಯಾರು ಅಂತ ಗೊತ್ತಿಲ್ವಲ್ಲ.

ಇಲ್ಲೀತನಕ ಹದಿನಾಲ್ಕು ಕ್ಯಾಸೆಟ್ ಆಗಿದೆ, ಮೂರು ಓದ್ತಾ ಇಲ್ಲ. ಆ ಮೂರರಲ್ಲಿ ಒಂದ್ರ ಲೇಬಲ್ ಮೇಲೆ ಕಾಂಟ್ರಾದವರು ಇದಾರೆ, ಕೆಳಗೆ ಯಾರೋ ಬಾಲ್ ಪೆನ್ನಲ್ಲಿ ಕನ್ನಡದಲ್ಲಿ "ರವಿದು, ಯಾರೂ ತಗೋಬೇಡಿ" ಅಂತ ಬರ್ದಿದಾರೆ. ನಿಮ್ಮನೆ ಅಟ್ಟದ ಮೇಲೆ ಇಂಥದ್ದೇನಾದ್ರೂ ಇದ್ರೆ ಗುಜರಿಗೆ ಹಾಕೋಕೆ ಮುಂಚೆ ನಂಗೊಂದು ಮಾತು ಹೇಳಿ, ಓದ್ಕೊಂಡು ಕ್ಲೀನ್ ಮಾಡಿ ವಾಪಸ್ ಕೊಡ್ತೀನಿ. ಈ ವಾರ ರವಿದನ್ನ ಇನ್ನೊಂದ್ಸಲ ಟ್ರೈ ಮಾಡ್ತಾ ಇದೀನಿ, ಏಳನೇ ಪಿನ್ನು ಸ್ವಲ್ಪ ಎದ್ದಂಗಿದೆ.